ಮಾರ್ಟಿನ ಬೇಳೆಯೋ, ಬ್ರ್ಯಾಂಡ್ ಬೇಳೆಯೋ? ಒಂದೇ ಕುಕ್ಕರಿನಲ್ಲಿ ಎರಡು ಬಟ್ಟಲು ಇಟ್ಟು ನೋಡಿ

ನಮ್ಮ ಕಲಬುರಗಿಯಲ್ಲಿ ‘ಸೂಪರ್ ಮಾರ್ಕೆಟ್‌ಗೆ ಹೋಗಿ ಬರ್ತೀನಿ’ ಅಂದರೆ ಎಸಿ ಹಾಕಿದ ಅಂಗಡಿ ಅಂತ ಯಾರೂ ತಿಳಿಯುವುದಿಲ್ಲ. ಅದು ಊರ ನಡುವಿನ ಬಜಾರಿನ ಹೆಸರು. ಬಟ್ಟೆ, ಬಳೆ, ಕೊತ್ತಂಬರಿ ಎಲ್ಲಾ ಅಲ್ಲೇ. ಗಾಡಿ ತಳ್ಳಿಕೊಂಡು ಸಾಮಾನು ತುಂಬುವ ದೊಡ್ಡ ಅಂಗಡಿಗೆ ನಮ್ಮ ಮನೆಯಲ್ಲಿ ಬರೀ ‘ಮಾರ್ಟ್’ ಅಂತೀವಿ. ಇಲ್ಲೂ ಹಾಗೇ ಬರೆಯುತ್ತೇನೆ.

ಈ ಮಾರ್ಟ್‌ಗಳಲ್ಲಿ ಈಗ ಎಷ್ಟೋ ಸಾಮಾನು ಎರಡೆರಡು ಹೆಸರಲ್ಲಿ ಸಿಗುತ್ತವೆ. ಒಂದು ಟಿವಿ ಜಾಹೀರಾತಿನಲ್ಲಿ ಬರುವ ಕಂಪನಿಯ ಪ್ಯಾಕೆಟ್. ಅದರ ಪಕ್ಕದಲ್ಲೇ ಮಾರ್ಟ್‌ನವರು ತಮ್ಮದೇ ಹೆಸರು ಹಾಕಿದ ಪ್ಯಾಕೆಟ್, ಹತ್ತಿಪ್ಪತ್ತು ರೂಪಾಯಿ ಕಡಿಮೆ. ರಿಲಯನ್ಸ್‌ನವರ ಗುಡ್ ಲೈಫ್, ಡಿಮಾರ್ಟ್‌ನವರ ಪ್ರೀಮಿಯಾ ನೀವು ನೋಡಿರುತ್ತೀರಿ. ಅಂಥವು. ಯಾವುದನ್ನ ಗಾಡಿಗೆ ಹಾಕಬೇಕು ಅನ್ನೋದು ಪ್ರತಿ ತಿಂಗಳ ಪ್ರಶ್ನೆ. ನಾವು ಮನೆಯಲ್ಲಿ ಐದು ಜನ: ಅತ್ತೆ, ನಾವಿಬ್ಬರು, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ಕಿರಾಣಿಗೆ ಅಂತ ನನ್ನ ಕೈಗೆ ಬರುವುದು ಒಂಬತ್ತು ಸಾವಿರ. ಅದರಲ್ಲೇ ಹಬ್ಬ, ಅದರಲ್ಲೇ ಬೀಗರು.

ನನ್ನ ಹತ್ತಿರ ಇರುವ ಒಂದೇ ಅನುಕೂಲ ಅಂದರೆ ಯಜಮಾನರ ಕೆಲಸ. ಅವರು ಕಪನೂರಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ದಾಲ್‌ಮಿಲ್‌ನಲ್ಲಿ ಸೂಪರ್‌ವೈಸರ್. ಹಾಗಾಗಿ ಈ ಮಾತನ್ನ ಬೇಳೆಯಿಂದಲೇ ಶುರು ಮಾಡುತ್ತೇನೆ. ತೊಗರಿ ಕಣಜದಲ್ಲಿ ಇದ್ದುಕೊಂಡು ಬಿಸ್ಕೀಟಿನಿಂದ ಶುರು ಮಾಡಿದರೆ ಚೆನ್ನಾಗಿರುವುದಿಲ್ಲ.

ಮಿಲ್ ಒಂದೇ, ಬೇಳೆ ಒಂದೇ ಅಲ್ಲ

‘ಎಲ್ಲಾ ಒಂದೇ ಮಿಲ್ಲಿನ ಮಾಲು, ಸುಮ್ನೆ ಹೆಸರಿಗೆ ಯಾಕೆ ದುಡ್ಡು ಕೊಡ್ತೀರಿ’ ಅನ್ನುವ ಮಾತನ್ನ ನೀವೂ ಕೇಳಿರುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಅದನ್ನೇ ಇವರ ಮುಂದೆ ಹೇಳಿದೆ. ನಕ್ಕರು. ಮರುದಿನ ಸಂಜೆ ಪೇಪರಿನಲ್ಲಿ ಕಟ್ಟಿದ ಮೂರು ಪುಡಿಕೆ ತಂದು ಸ್ಟೀಲ್ ತಾಟಿನಲ್ಲಿ ಮೂರು ಗುಡ್ಡೆ ಹಾಕಿದರು.

ಮೊದಲನೇ ಗುಡ್ಡೆಯಲ್ಲಿ ಎಲ್ಲವೂ ಪೂರ್ತಿ ಅರ್ಧ ಹೋಳುಗಳು. ಒಂದೇ ಅಳತೆ, ಅಂಚು ಸವೆದು ದುಂಡಗೆ. ವ್ಯಾಪಾರದವರು ಇದಕ್ಕೆ ಫಟ್ಕಾ ಅನ್ನುತ್ತಾರೆ. ಎರಡನೇದರಲ್ಲಿ ಅಲ್ಲಲ್ಲಿ ಮುರುಕು, ಕೆಲವಕ್ಕೆ ಕೆಂಪು ಸಿಪ್ಪೆಯ ಚೂರು ಅಂಟಿಕೊಂಡಿತ್ತು. ಮೂರನೇದರಲ್ಲಿ ಮುರುಕೇ ಜಾಸ್ತಿ. ‘ಮೂರೂ ಇದೇ ವಾರದ್ದು, ಒಂದೇ ಮಷಿನ್ನಿಂದು. ಗಿರಾಕಿ ಏನ್ ಬೇಕಂತಾನೋ ಅದನ್ನ ತುಂಬಿ ಕೊಡ್ತೀವಿ’ ಅಂದರು.

ಕೊಳ್ಳುವ ಕಂಪನಿ ಮೊದಲೇ ಬರೆದು ಕೊಡುತ್ತದಂತೆ: ನೂರರಲ್ಲಿ ಮುರುಕು ಎಷ್ಟಿರಬಹುದು, ಸಿಪ್ಪೆ ಎಷ್ಟು, ತೇವ ಎಷ್ಟು, ಬಣ್ಣ ನೋಡಿ ಆರಿಸುವ ಸಾರ್ಟೆಕ್ಸ್ ಮಷಿನ್ನಿಗೆ ಎಷ್ಟು ಸಲ ಹಾಕಬೇಕು, ಪಾಲಿಶ್ ಬೇಕೋ ಬೇಡವೋ. ರೇಟು ಆ ಕಾಗದದ ಮೇಲೆ ನಿಲ್ಲುತ್ತದೆ. ಹಾಗಾಗಿ ಒಂದೇ ಮಿಲ್ಲಿನಿಂದ ಬ್ರ್ಯಾಂಡಿನ ಚೀಲವೂ ಹೊರಡುತ್ತದೆ, ಮಾರ್ಟಿನ ಚೀಲವೂ ಹೊರಡುತ್ತದೆ, ಒಳಗಿನ ಬೇಳೆ ಬೇರೆ ಬೇರೆ ಇರಬಹುದು. ಕೆಲವೊಮ್ಮೆ ಒಂದೇ ಇರಬಹುದು. ಹೊರಗೆ ನಿಂತ ನಮಗೆ ಅದು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು ಹೇಳಿದರು, ಅದು ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಮಾರ್ಟ್‌ನವರು ತಮ್ಮ ಹೆಸರಿನ ಬೇಳೆಯನ್ನ ವರ್ಷವಿಡೀ ಒಂದೇ ಮಿಲ್ಲಿನಿಂದ ತರಬೇಕು ಅಂತೇನಿಲ್ಲ. ಪ್ಯಾಕೆಟ್ ಅದೇ, ಬಣ್ಣ ಅದೇ, ಹಿಂದಿನ ವಿಳಾಸ ಮಾತ್ರ ಬದಲಾಗಿರುತ್ತದೆ. ದೀಪಾವಳಿಗೆ ತಂದದ್ದು ಚೆನ್ನಾಗಿತ್ತು ಅಂತ ಸಂಕ್ರಾಂತಿಗೂ ಕಣ್ಣು ಮುಚ್ಚಿ ತಂದರೆ ಬೇರೆಯದೇ ಬೇಳೆ ಸಿಗಬಹುದು. ಅದಕ್ಕೇ ನಾನು ಈಗ ಪ್ಯಾಕೆಟ್ಟಿನ ಮುಂದಿನ ಕಡೆ ನೋಡುವುದೇ ಇಲ್ಲ.

ಪ್ಯಾಕೆಟ್ ತಿರುಗಿಸಿ

ಮೊದಲು ತಯಾರಿಸಿದವರು ಅಥವಾ ತುಂಬಿದವರ ವಿಳಾಸ ಓದಿ. ಮಾರ್ಟಿನ ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಎರಡು ವಿಳಾಸ ಇರುತ್ತವೆ. ‘ಮಾರ್ಕೆಟೆಡ್ ಬೈ’ ಅಂದರೆ ಮಾರ್ಟಿನ ಕಂಪನಿ. ‘ಮ್ಯಾನುಫ್ಯಾಕ್ಚರ್ಡ್ ಬೈ’ ಅಥವಾ ‘ಪ್ಯಾಕ್ಡ್ ಬೈ’ ಅಂದರೆ ನಿಜವಾಗಿ ಕೆಲಸ ಮಾಡಿದವರು. ನಮಗೆ ಬೇಕಾದದ್ದು ಎರಡನೇದು. ಒಮ್ಮೆ ಸೇಡಂ ರೋಡಿನ ಕಡೆ ಒಂದು ಮಾರ್ಟ್‌ನಲ್ಲಿ ತೊಗರಿಬೇಳೆ ತಿರುಗಿಸಿ ನೋಡಿದರೆ ಕಪನೂರಿನ ವಿಳಾಸ! ನಮ್ಮ ಮನೆಯವರು ದಿನಾ ಬೈಕಿನಲ್ಲಿ ಹೋಗುವ ದಾರಿ ಅದು. ಆ ಬೇಳೆ ಎಲ್ಲೆಲ್ಲಿ ಗೋದಾಮು ಸುತ್ತಿ ಮತ್ತೆ ಊರಿಗೇ ಬಂದು ಕೂತಿತ್ತೋ.

ಕಲಬುರಗಿ ಅಂತ ವಿಳಾಸ ಇದ್ದ ತಕ್ಷಣ ಅದು ಕಲಬುರಗಿ ತೊಗರಿ ಅಂತ ನಂಬಬೇಡಿ. ಮಿಲ್ ಇಲ್ಲಿಯದು, ಕಾಳು ಎಲ್ಲಿಯದೂ ಆಗಿರಬಹುದು. ಬರ್ಮಾದ ಲೆಮನ್ ತೊಗರಿ, ಆಫ್ರಿಕಾದ ಮೊಜಾಂಬಿಕ್, ತಾಂಜಾನಿಯಾದ ತೊಗರಿ ಕೂಡ ನಮ್ಮ ದೇಶದ ಮಿಲ್‌ಗಳಿಗೆ ಬರುತ್ತದೆ. ನಮ್ಮ ತೊಗರಿಗೆ 2019ರಲ್ಲಿ ‘ಗುಲ್ಬರ್ಗಾ ತೂರ್ ದಾಲ್’ ಅಂತ ಜಿಐ ಗುರುತು, ಅಂದರೆ ಇದು ಇದೇ ಊರಿನ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಊರಿನ ಹೆಸರು 2014ರಲ್ಲೇ ಕಲಬುರಗಿ ಆದರೂ ಬೇಳೆಗೆ ಹಳೇ ಹೆಸರೇ ಉಳಿದಿದೆ. ನಿಮಗೆ ಇದೇ ಮಣ್ಣಿನ ಬೇಳೆ ಬೇಕು ಅಂತ ಹಟ ಇದ್ದರೆ ಪ್ಯಾಕೆಟ್ ಮೇಲೆ ಜಿಐ ಗುರುತು ಹುಡುಕಿ.

ಆಮೇಲೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಇಲಾಖೆಯ ನಂಬರ್. 14 ಅಂಕಿ ಇರುತ್ತದೆ. ಮೊದಲ ಅಂಕಿ 1 ಇದ್ದರೆ ಲೈಸೆನ್ಸ್ ಪಡೆದವರು, 2 ಇದ್ದರೆ ಬರೀ ನೋಂದಣಿ ಮಾಡಿಸಿದ ಸಣ್ಣ ವ್ಯಾಪಾರಿ. ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಅಲ್ಲಿ 00 ಇದ್ದರೆ ಕೇಂದ್ರದ ಲೈಸೆನ್ಸ್. ಅದರ ಮುಂದಿನ ಎರಡು ಅಂಕಿ ಲೈಸೆನ್ಸ್ ಕೊಟ್ಟ ವರ್ಷ. ನಂಬರ್ ಇದ್ದ ಮಾತ್ರಕ್ಕೆ ರುಚಿ ಇರುತ್ತದೆ ಅಂತಲ್ಲ. ಆದರೆ ಕಳೆದ ಸಲದ ಪ್ಯಾಕೆಟ್ಟಿನ ನಂಬರ್‌ಗೂ ಈ ಸಲದ್ದಕ್ಕೂ ಫರಕ್ ಇದ್ದರೆ ತಯಾರಿಸಿದವರು ಬದಲಾಗಿರಬಹುದು ಅಂತ ಅನುಮಾನ ಪಡಬಹುದು. ನಾನು ಹಳೇ ಪ್ಯಾಕೆಟ್ಟಿನ ಹಿಂಬದಿಯ ಫೋಟೊ ಫೋನಿನಲ್ಲಿ ಇಟ್ಟಿರುತ್ತೇನೆ. ಮಗಳು ಇದಕ್ಕೆ ‘ಅಮ್ಮನ ಆಲ್ಬಂ’ ಅಂತ ಹೆಸರಿಟ್ಟಿದ್ದಾಳೆ.

ಬೆಲೆ ನೋಡುವಾಗ ಎಂಆರ್‌ಪಿ ಮರೆತುಬಿಡಿ. ಮಾರ್ಟಿನ ಸ್ವಂತ ಪ್ಯಾಕೆಟ್ಟಿನ ಎಂಆರ್‌ಪಿ ಹಾಕುವವರೂ ಅವರೇ, ಅದರ ಮೇಲೆ ರಿಯಾಯಿತಿ ಕೊಡುವವರೂ ಅವರೇ. 240 ಅಂತ ಬರೆದು 139ಕ್ಕೆ ಕೊಟ್ಟರೆ ನಮಗೆ 101 ರೂಪಾಯಿ ಉಳಿಯಿತು ಅಂತ ಕುಣಿಯಬೇಕಾಗಿಲ್ಲ. ಈಗ ಪ್ಯಾಕೆಟ್ ಮೇಲೆ ‘ಯೂನಿಟ್ ಸೇಲ್ ಪ್ರೈಸ್’ ಅಂತ ಒಂದು ಸಾಲು ಇರುತ್ತದೆ, ಗ್ರಾಮಿಗೆ ಇಷ್ಟು ಅಥವಾ ಕಿಲೋಗೆ ಇಷ್ಟು ಅಂತ. ಒಳ್ಳೆಯದೇ, ಆದರೆ ಆ ಲೆಕ್ಕ ಎಂಆರ್‌ಪಿ ಮೇಲೆ ಹಾಕಿದ್ದು. ನೀವು ಕೊಡುವ ಬೆಲೆಯ ಲೆಕ್ಕ ನೀವೇ ಹಾಕಬೇಕು.

ಎಣ್ಣೆಯಲ್ಲಿ ಇದು ಜಾಸ್ತಿ ಮೋಸ ಮಾಡುತ್ತದೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಆದರೆ ಅದೇ ಎತ್ತರದ, ಅದೇ ಬಣ್ಣದ ಪೌಚ್‌ನಲ್ಲಿ 850 ಗ್ರಾಂ, 800 ಗ್ರಾಂ ಕೂಡ ಬರುತ್ತವೆ. ನನ್ನ ಒಂದು ಬಿಲ್ಲಿನ ಲೆಕ್ಕ ಹೇಳುತ್ತೇನೆ. ಮಾರ್ಟಿನದು 850 ಗ್ರಾಂಗೆ 135 ರೂಪಾಯಿ. ಬ್ರ್ಯಾಂಡಿನದು 910 ಗ್ರಾಂಗೆ 142. ಏಳು ರೂಪಾಯಿ ಉಳಿಯಿತು ಅಂತ ಮಾರ್ಟಿನದನ್ನೇ ಹಾಕಿಕೊಂಡು ಬಂದೆ. ಮನೆಗೆ ಬಂದು ಭಾಗಿಸಿದರೆ ಮಾರ್ಟಿನದು ನೂರು ಗ್ರಾಂಗೆ 15 ರೂಪಾಯಿ 88 ಪೈಸೆ, ಬ್ರ್ಯಾಂಡಿನದು 15 ರೂಪಾಯಿ 60 ಪೈಸೆ. ಕಡಿಮೆ ಅಂದುಕೊಂಡದ್ದೇ ದುಬಾರಿ. ಅಂದಿನಿಂದ ಎಣ್ಣೆಯ ಮುಂದೆ ಫೋನಿನ ಕ್ಯಾಲ್ಕುಲೇಟರ್ ತೆಗೆಯಲು ನಾಚುವುದಿಲ್ಲ.

ಎರಡು ಬಟ್ಟಲ ಪರೀಕ್ಷೆ

ಈಗ ಮುಖ್ಯ ವಿಷಯ. ಓದಿ ಗೊತ್ತಾಗುವುದು ಅರ್ಧ, ಉಳಿದದ್ದು ಒಲೆ ಮೇಲೆ. ಹೊಸ ಮಾರ್ಟ್ ಬೇಳೆ ತರುವಾಗ ಅರ್ಧ ಕಿಲೋ ಪ್ಯಾಕೆಟ್ ಒಂದೇ ತನ್ನಿ. ಮನೆಯಲ್ಲಿರುವ ಹಳೇದರ ಜೊತೆ ಹೋಲಿಸಿ.

ಎರಡರಿಂದಲೂ 50 ಗ್ರಾಂ ತೆಗೆಯಿರಿ. ತಕ್ಕಡಿ ಇಲ್ಲದಿದ್ದರೆ ಒಂದೇ ಲೋಟದಲ್ಲಿ ಅಳೆದರೂ ನಡೆಯುತ್ತದೆ. ತೊಳೆಯುವ ಮೊದಲು ತಾಟಿನಲ್ಲಿ ಹರಡಿ. ಮುರುಕು, ಸಿಪ್ಪೆ, ಬೇರೆ ಕಾಳು, ಹರಳು ಬೇರೆ ಬೇರೆ ಮಾಡಿ. ಚಪ್ಪಟೆಯಾಗಿ, ಮೂಲೆ ಕತ್ತರಿಸಿದಂತೆ ಕಾಣುವ ಹೋಳು ಸಿಕ್ಕರೆ ಅದನ್ನ ಎತ್ತಿಡಿ. ಹಿಂದೆ ತೊಗರಿಯಲ್ಲಿ ಕೇಸರಿ ಬೇಳೆ ಬೆರೆಸುವ ಚಾಳಿ ಇತ್ತು, ಅದನ್ನೇ ಹೆಚ್ಚು ತಿಂದರೆ ಕಾಲಿನ ಶಕ್ತಿ ಹೋಗುತ್ತದೆ. ನನಗೆ ಪ್ಯಾಕೆಟ್ಟಿನಲ್ಲಿ ಇದುವರೆಗೆ ಸಿಕ್ಕಿಲ್ಲ, ಆದರೂ ನೋಡುತ್ತೇನೆ.

ಹೊಳಪಿನ ಬಗ್ಗೆ ಒಂದು ಮಾತು. ತುಂಬಾ ಮಿರಿಮಿರಿ ಮಿಂಚುವ ಬೇಳೆ ಅಂದರೆ ನೀರು ಇಲ್ಲವೇ ಎಣ್ಣೆ ಹಾಕಿ ಪಾಲಿಶ್ ಮಾಡಿದ್ದು. ಬಿಳಿ ಕರವಸ್ತ್ರದಲ್ಲಿ ಒಂದು ಮುಷ್ಟಿ ಹಾಕಿ ತಿಕ್ಕಿದರೆ ಎಣ್ಣೆ ಇದ್ದರೆ ಕಲೆ ಕಾಣುತ್ತದೆ. ಎಣ್ಣೆ ಅಂದ ತಕ್ಷಣ ಹೆದರಬೇಡಿ. ವರ್ಷದ ಬೇಳೆಗೆ ಹುಳ ಬೀಳದಿರಲಿ ಅಂತ ನಮ್ಮ ಅತ್ತೆ ಈಗಲೂ ಔಡಲೆಣ್ಣೆ ಸವರಿ ಡಬ್ಬಿಗೆ ತುಂಬುತ್ತಾರೆ. ನನ್ನ ತಕರಾರು ಇಷ್ಟೇ: ಹೊಳಪು ತೊಳೆದಾಗ ಹೋಗುತ್ತದೆ, ಹೋಗುವ ವಸ್ತುವಿಗೆ ಜಾಸ್ತಿ ದುಡ್ಡು ಯಾಕೆ?

ಎರಡನ್ನೂ ಬೇರೆ ಬೇರೆ ತೊಳೆದು ಒಂದೇ ಅಳತೆಯ ಎರಡು ಸ್ಟೀಲ್ ಬಟ್ಟಲಿಗೆ ಹಾಕಿ. ಒಂದೇ ಅಳತೆ ನೀರು. ಒಂದರಲ್ಲಿ ಗುರುತಿಗೆ ಸಣ್ಣ ಚಮಚ ಬಿಡಿ. ಅರಿಶಿನ ಬೇಡ, ಉಪ್ಪು ಬೇಡ, ಎಣ್ಣೆ ಬೇಡ. ಅವೆಲ್ಲಾ ಬೇಳೆಯ ತಪ್ಪು ಮುಚ್ಚಿಬಿಡುತ್ತವೆ. ಒಂದೇ ಕುಕ್ಕರಿನಲ್ಲಿ ಎರಡೂ ಬಟ್ಟಲು, ಮೂರು ಸೀಟಿ, ಉಗಿ ತಾನೇ ಇಳಿಯಲಿ. ನೀರು ಮಾತ್ರ ದಿನಾ ಅಡುಗೆಗೆ ಬಳಸುವುದೇ ಇರಲಿ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಎಂಥಾ ಬೇಳೆಯೂ ಸತಾಯಿಸುತ್ತದೆ. ನಮ್ಮ ಓಣಿಯಲ್ಲಿ ಒಬ್ಬರು ನೀರಿನ ತಪ್ಪಿಗೆ ಮೂರು ಅಂಗಡಿ ಬದಲಾಯಿಸಿದರು.

ಬಟ್ಟಲು ತೆಗೆದ ಮೇಲೆ ಮೊದಲು ಮೂಸಿ ನೋಡಿ. ಹಳೇ ಬೇಳೆಗೆ ಒಂದು ಚೀಲದ ವಾಸನೆ ಇರುತ್ತದೆ. ಆಮೇಲೆ ಸೌಟಿನ ಬೆನ್ನಿನಿಂದ ಒತ್ತಿ. ಎಲ್ಲಾ ಒಂದೇ ಸಮ ಅರೆಯುತ್ತದೋ, ನಡುನಡುವೆ ಗಟ್ಟಿ ಹೋಳು ಸಿಗುತ್ತವೋ? ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಒಳ್ಳೆಯ ಬೇಳೆ ನೀರಿನ ಜೊತೆ ಬೆರೆತು ಒಂದಾಗಿರುತ್ತದೆ, ಇಲ್ಲದ್ದು ತಳದಲ್ಲಿ ಕೂತು ಮೇಲೆ ತೆಳ್ಳನೆ ನೀರು ನಿಂತಿರುತ್ತದೆ. ಕೊನೆಗೆ ಚಿಟಿಕೆ ಉಪ್ಪು ಹಾಕಿ ತಿನ್ನಲು ಕೊಡಿ, ಯಾವುದು ಯಾವುದರದ್ದು ಅಂತ ಹೇಳದೆ. ನಮ್ಮಲ್ಲಿ ತೀರ್ಪು ಕೊಡುವವರು ಅತ್ತೆ. ಅವರಿಗೆ ಪ್ಯಾಕೆಟ್ ಓದಲು ಬರುವುದಿಲ್ಲ. ಅದಕ್ಕೇ ಅವರಷ್ಟು ಒಳ್ಳೆಯ ಜಡ್ಜ್ ಇಲ್ಲ.

ಹೋದ ಜನವರಿಯಲ್ಲಿ ಹೊಸ ತೊಗರಿ ನಮ್ಮೂರ ಧಾನ್ಯದ ಮಾರುಕಟ್ಟೆ ನೆಹರು ಗಂಜ್‌ಗೆ ಬಂದಾಗ ನಾನು ಮೂರು ಬಟ್ಟಲು ಇಟ್ಟೆ. ಬ್ರ್ಯಾಂಡ್ ಕಿಲೋಗೆ 168, ಮಾರ್ಟ್ 139, ನೆಹರು ಗಂಜಿನ ಬಿಡಿ ಬೇಳೆ 128. ತಾಟಿನಲ್ಲಿ ನೋಡಲು ಬ್ರ್ಯಾಂಡಿನದು ಮದುವಣಗಿತ್ತಿ. ಮಾರ್ಟಿನದರಲ್ಲಿ ಮುರುಕು ಎದ್ದು ಕಾಣುತ್ತಿತ್ತು. ಕುಕ್ಕರಿನಿಂದ ತೆಗೆದ ಮೇಲೆ ಮುರುಕಿದ್ದ ಮಾರ್ಟಿನ ಬೇಳೆಯೇ ಮೊದಲು ಬೆಣ್ಣೆಯಂತೆ ಆಯಿತು. ಸಣ್ಣ ಚೂರು ಬೇಗ ಬೇಯುತ್ತದೆ, ಅಷ್ಟೇ ಗುಟ್ಟು. ಅತ್ತೆ ಬಾಯಿಗೆ ಹಾಕಿಕೊಂಡು ಬ್ರ್ಯಾಂಡಿಗೂ ಮಾರ್ಟಿಗೂ ‘ಎರಡೂ ಛಲೋ ಅದಾವ’ ಅಂದರು. ಗಂಜಿನದಕ್ಕೆ ಮಾತ್ರ ‘ಇದು ನಮ್ಮ ಹೊಲದ ಬ್ಯಾಳಿ ಹಂಗದ’ ಅಂತ ಎರಡನೇ ಸಲ ತಗೊಂಡರು.

ಆವತ್ತು ನನಗೆ ತಲೆಗೆ ಹೋದದ್ದು ಇದು. ನಾವು ಬೇಳೆ ಸಾರಿಗೆ ಬೇಳೆಯನ್ನ ಕಡೆಯುತ್ತೇವೆ. ಕಡಗೋಲು ಆಡಿಸಿದ ಮೇಲೆ ಫಟ್ಕಾನೂ ಇಲ್ಲ, ಮುರುಕೂ ಇಲ್ಲ. ಹಾಗಿದ್ದ ಮೇಲೆ ಹೋಳಿನ ಅಂದಕ್ಕೆ ಕಿಲೋಗೆ 29 ರೂಪಾಯಿ ಕೊಡುವುದು ಯಾಕೆ? ಕಡಗೋಲು ಆಡಿಸಿದ ಮೇಲೂ ಉಳಿಯುವ ಗುಣ ಅಂದರೆ ಹೊಸತನ, ವಾಸನೆ, ಒಂದೇ ಸಮ ಬೇಯುವುದು. ದುಡ್ಡು ಅದಕ್ಕೆ. ಬೇಳೆ ಉದುರುದುರಾಗಿ ಕಾಣಬೇಕಾದ ಅಡುಗೆ ಮಾಡುವಾಗ ಮಾತ್ರ ಅರ್ಧ ಕಿಲೋ ಫಟ್ಕಾ ತನ್ನಿ.

ಬಿಡಿ ಬೇಳೆಗೆ ಇನ್ನೊಂದು ಲಾಭ ಇದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿದ ಬೇಳೆ, ಅಕ್ಕಿ, ಹಿಟ್ಟಿಗೆ 5% ಜಿಎಸ್‌ಟಿ ಇದೆ, ಹೆಸರು ಮಾರ್ಟಿನದಿರಲಿ ಬ್ರ್ಯಾಂಡಿನದಿರಲಿ. ನಿಮ್ಮೆದುರು ಚೀಲದಿಂದ ತೂಗಿ ಕೊಟ್ಟದ್ದಕ್ಕೆ ಇಲ್ಲ. ಆದರೆ ಬಿಡಿ ಮಾಲಿಗೆ ವಿಳಾಸ, ತಾರೀಖು ಎರಡೂ ಇರುವುದಿಲ್ಲ. ಅಲ್ಲಿ ಅಂಗಡಿ ಸಾಹುಕಾರರ ಮುಖವೇ ಲೇಬಲ್.

ನನ್ನ ಯುಗಾದಿ ಕೆಟ್ಟದ್ದು

ಮಾರ್ಟಿನ ಸಾಮಾನು ಯಾವಾಗಲೂ ಗೆಲ್ಲುತ್ತದೆ ಅಂದುಕೊಳ್ಳಬೇಡಿ. ಎರಡು ವರ್ಷದ ಹಿಂದೆ ಯುಗಾದಿಗೆ ಹೋಳಿಗೆ. ಅದಕ್ಕೂ ಮೊದಲು ತೊಗರಿಯಲ್ಲಿ ಗೆದ್ದಿದ್ದ ಧೈರ್ಯದಿಂದ ಕಡಲೆಬೇಳೆಯನ್ನೂ ಒಂದು ಮಾರ್ಟಿನ ಸ್ವಂತ ಹೆಸರಿನದು, ಎರಡು ಕಿಲೋ, ಪರೀಕ್ಷೆ ಮಾಡದೆ ತಂದೆ. ಆವತ್ತು ಮನೆಗೆ ನಾದಿನಿ ಕಡೆಯವರೂ ಸೇರಿ ಹನ್ನೊಂದು ಜನ. ಬೇಳೆ ಕುದಿಯಲು ಇಟ್ಟು ಮುಕ್ಕಾಲು ಗಂಟೆ ಆಯಿತು. ಅರ್ಧ ಬೇಳೆ ಕರಗಿ ಕಟ್ಟಿನಲ್ಲಿ ಸೇರಿದೆ, ಇನ್ನರ್ಧ ಹಲ್ಲಿಗೆ ಕಟಕ್ ಅನ್ನುತ್ತಿದೆ. ಮತ್ತೆ ಕುದಿಸಿದೆ. ಬೆಲ್ಲ ಹಾಕಿದ ಮೇಲಂತೂ ಕೇಳಲೇಬೇಡಿ, ಬೆಲ್ಲ ಬಿದ್ದ ಮೇಲೆ ಬೇಯದ ಬೇಳೆ ಬೇಯುವುದಿಲ್ಲ.

ಅತ್ತೆ ಹೂರಣದಿಂದ ಒಂದು ಹೋಳು ತೆಗೆದು ಎರಡು ಬೆರಳ ನಡುವೆ ಒತ್ತಿದರು. ಒಡೆಯಲಿಲ್ಲ. ಇನ್ನೊಂದು ತೆಗೆದರು, ಅದು ಹಿಟ್ಟಾಯಿತು. ‘ನೋಡವ್ವ, ಇದು ಹೋದ ವರ್ಷಿಂದು, ಇದು ಈ ವರ್ಷಿಂದು. ಎರಡೂ ಕೂಡಿಸ್ಯಾರ’ ಅಂದರು. ಸಂಜೆ ಇವರೂ ಅದನ್ನೇ ಹೇಳಿದರು: ಹಳೇ ದಾಸ್ತಾನು, ಹೊಸ ಮಾಲು ಬೆರೆಸಿದರೆ ಹೀಗಾಗುತ್ತದೆ. ಆವತ್ತು ಹೂರಣವನ್ನ ಒರಳಿನಲ್ಲಿ ಎರಡೆರಡು ಸಲ ರುಬ್ಬಿದರೂ ಹೋಳಿಗೆ ತಟ್ಟುವಾಗ ಹರಳು ಚುಚ್ಚಿ ಕಣಕ ಹರಿಯುತ್ತಿತ್ತು. ಹೋಳಿಗೆ ಬದಲು ಕಡುಬು ಮಾಡಿ ಮಾನ ಉಳಿಸಿಕೊಂಡೆ.

ಉಳಿದ ಪ್ಯಾಕೆಟ್, ಬಿಲ್ಲು ಎರಡೂ ಇತ್ತು. ಒಯ್ದು ಕೊಟ್ಟೆ. ಒಡೆಯದ ಪ್ಯಾಕೆಟ್ಟಿನ ದುಡ್ಡು ವಾಪಸ್ ಬಂತು, ಒಡೆದದ್ದಕ್ಕೆ ಸ್ವಲ್ಪ ಜಗಳ ಆಡಬೇಕಾಯಿತು. ಸ್ವಂತ ಹೆಸರಿನ ಸಾಮಾನಿಗೆ ಇದೊಂದು ಅನುಕೂಲ, ‘ಕಂಪನಿಗೆ ಬರೆಯಿರಿ’ ಅಂತ ಅವರು ಹೇಳುವ ಹಾಗಿಲ್ಲ, ಕಂಪನಿ ಅವರೇ ಅಲ್ವಾ. ಬಿಲ್ಲು ಸಾಮಾನು ಮುಗಿಯುವ ತನಕ ಎಸೆಯಬೇಡಿ. ಅಂಗಡಿಯವರು ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಹಬ್ಬಕ್ಕೆ ಹೊಸ ಪ್ಯಾಕೆಟ್ ಪ್ರಯೋಗ ಬೇಡ. ಇದು ಮಾತ್ರ ನನ್ನ ಕಟ್ಟುನಿಟ್ಟು.

ಬೇರೆ ಸಾಮಾನಿಗೆ ಹೇಗೆ

ಸಕ್ಕರೆ, ಉಪ್ಪು, ರವೆ, ಅವಲಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ವಸ್ತು, ಒಳಗೆ ಬೆರೆಸುವುದು ಹೆಚ್ಚೇನೂ ಇಲ್ಲ. ತಾರೀಖು ಹೊಸದಿದ್ದು ಬೆಲೆ ಕಡಿಮೆ ಇದ್ದರೆ ಮಾರ್ಟಿನದೇ ತನ್ನಿ. ಉಪ್ಪಿನಲ್ಲಿ ‘ಅಯೋಡೈಸ್ಡ್’ ಅಂತ ಇರುವುದನ್ನ ನೋಡಿ. ಅಂಗಡಿಯಲ್ಲಿ ಮಾರುವ ಉಪ್ಪಿನಲ್ಲಿ ಕಡಿಮೆ ಅಂದರೂ 15 ಪಿಪಿಎಂ (ಹತ್ತು ಲಕ್ಷದಲ್ಲಿ 15 ಪಾಲು) ಅಯೋಡಿನ್ ಇರಬೇಕು, ಅದು ಎಲ್ಲರಿಗೂ ಒಂದೇ ನಿಯಮ. ರವೆಯನ್ನ ಮಾತ್ರ ಪ್ಯಾಕೆಟ್ ಬೆಳಕಿಗೆ ಹಿಡಿದು ನೋಡಿ, ಮೂಲೆಯಲ್ಲಿ ಜೇಡರ ಬಲೆಯಂತೆ ನೂಲು ಕಂಡರೆ ಹುಳ ಬಿದ್ದಿದೆ.

ಹಾಲು, ಮೊಸರು ನಂದಿನಿ. ಕಲಬುರಗಿ, ಬೀದರ್, ಯಾದಗಿರಿ ಹಾಲು ಒಕ್ಕೂಟದ್ದು ಬೆಳಿಗ್ಗೆ ಓಣಿಗೇ ಬರುತ್ತದೆ. ಅದನ್ನ ಬಿಟ್ಟು ಮಾರ್ಟಿಗೆ ಹೋಗುವ ಕಾರಣ ನನಗೆ ಕಂಡಿಲ್ಲ.

ಜೋಳದ ಹಿಟ್ಟಿಗೆ ಎರಡೂ ಬೇಡ. ಇದರಲ್ಲಿ ನಾನು ಹಟಮಾರಿ. ಹಿಟ್ಟು ಹಳೇದಾದ ಹಾಗೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಸ್ವಲ್ಪ ಕಹಿಯೂ ಆಗುತ್ತದೆ. ಮಾಲ್ದಂಡಿ ಜೋಳ ತಂದು ಹಸನು ಮಾಡಿ ಹತ್ತು ದಿನಕ್ಕೆ ಆಗುವಷ್ಟು ಗಿರಣಿಗೆ ಹಾಕಿಸಿ. ಗಿರಣಿ ದೂರ ಇದ್ದು ಪ್ಯಾಕೆಟ್ಟೇ ಗತಿ ಅಂದರೆ, ಯಾರ ಹೆಸರು ಅನ್ನೋದಕ್ಕಿಂತ ಯಾವತ್ತು ಬೀಸಿದ್ದು ಅನ್ನೋದನ್ನ ನೋಡಿ.

ಎಣ್ಣೆಯಲ್ಲಿ ಗ್ರಾಮಿನ ಲೆಕ್ಕ ಆಗಲೇ ಹೇಳಿದೆ. ಇನ್ನೊಂದು ನೋಡಬೇಕಾದ್ದು ‘ಬ್ಲೆಂಡೆಡ್’ ಅಥವಾ ‘ಮಲ್ಟಿ ಸೋರ್ಸ್’ ಅನ್ನುವ ಪದ. ಅಂದರೆ ಎರಡು ಎಣ್ಣೆ ಬೆರೆಸಿದ್ದು. ಅದರಲ್ಲಿ ಯಾವ ಎಣ್ಣೆಯೂ 20%ಗಿಂತ ಕಡಿಮೆ ಇರಬಾರದು ಅಂತ ನಿಯಮ. ತಿರುಗಿಸಿ ಹೇಳಿದರೆ, ನೀವು ಆಸೆಪಟ್ಟು ಕೊಂಡ ಶೇಂಗಾ ಎಣ್ಣೆ ಐದರಲ್ಲಿ ಒಂದು ಪಾಲು ಮಾತ್ರ ಇರಬಹುದು. ಹಿಂಬದಿಯಲ್ಲಿ ಪಾಲು ಎಷ್ಟೆಷ್ಟು ಅಂತ ಬರೆದಿರುತ್ತಾರೆ. ಕುಸುಬಿ ಎಣ್ಣೆ ನಾವು ಗಾಣದಿಂದಲೇ ತರುತ್ತೇವೆ, ಒಗ್ಗರಣೆಗೆ, ಚಟ್ನಿ ಹಿಂಡಿಗೆ. ಅದು ಅತ್ತೆಯ ಇಲಾಖೆ.

ಖಾರದ ಪುಡಿ, ಅರಿಶಿನದಲ್ಲಿ ನಾನು ಮಾರ್ಟ್ ಹೆಸರನ್ನ ಸುಲಭಕ್ಕೆ ನಂಬುವುದಿಲ್ಲ. ಬ್ರ್ಯಾಂಡನ್ನೂ ನಂಬುವುದಿಲ್ಲ. ಪುಡಿಯಾದ ಮೇಲೆ ಒಳಗೇನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ ನೋಡಿ. ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗಿಸಿ ವರ್ಷದ ಖಾರ ಕುಟ್ಟಿಸುವುದೇ ಮೇಲು. ಆಗದವರು ಗಾಜಿನ ಲೋಟದ ನೀರಿನ ಮೇಲೆ ಒಂದು ಚಮಚ ಉದುರಿಸಿ. ಖಾರದ ಪುಡಿಯಿಂದ ಕೆಂಪು ಗೆರೆಗಳು ನೀರಲ್ಲಿ ಇಳಿದರೆ ಬಣ್ಣ ಬೆರೆಸಿದ್ದಾರೆ. ಅರಿಶಿನ ತಳಕ್ಕೆ ಕೂತು ನೀರು ತಿಳಿ ಹಳದಿ ಇದ್ದರೆ ಸರಿ, ನೀರೆಲ್ಲಾ ಕಡು ಹಳದಿ ಆದರೆ ಆ ಪ್ಯಾಕೆಟ್ ಅಡುಗೆಗೆ ಬೇಡ.

ಮಕ್ಕಳ ತಿಂಡಿಗೆ ಬೇರೆ ದಾರಿ. ಅಲ್ಲಿ ಒಂದು ಪ್ಯಾಕೆಟ್ಟಿನಲ್ಲಿ ಹತ್ತು ಹದಿನೈದು ಪದಾರ್ಥ. ಪಟ್ಟಿಯಲ್ಲಿ ಯಾವುದು ಹೆಚ್ಚು ಹಾಕಿದ್ದಾರೋ ಅದು ಮೊದಲು ಬರುತ್ತದೆ, ಹೀಗೆ ಇಳಿಯುತ್ತಾ ಹೋಗುತ್ತದೆ. ಮೊದಲ ಮೂರು ಹೆಸರು ಓದಿದರೆ ಸಾಕು. ಬಿಸ್ಕೀಟಿನಲ್ಲಿ ಹೆಚ್ಚಾಗಿ ಮೈದಾ, ಸಕ್ಕರೆ, ತಾಳೆ ಎಣ್ಣೆ. ಇದರಲ್ಲಿ ಮಾರ್ಟಿಗೂ ಬ್ರ್ಯಾಂಡಿಗೂ ದೊಡ್ಡ ಜಗಳ ಇಲ್ಲ. ಮುಂದೆ ಗೋಡಂಬಿ ಚಿತ್ರ ಇದ್ದರೆ ಹಿಂದೆ ಗೋಡಂಬಿ ಎಷ್ಟು ಶೇಕಡಾ ಅಂತ ಹುಡುಕಿ. ಮಗನಿಗೆ ಇದೊಂದು ಆಟ ಆಗಿಬಿಟ್ಟಿದೆ. ‘ಅಮ್ಮಾ, ಇದರಾಗ ಗೋಡಂಬಿ ಒಂದು ಪರ್ಸೆಂಟೂ ಇಲ್ಲ’ ಅಂತ ಮಾರ್ಟಿನ ನಡುವೆ ನಿಂತು ಕೂಗುತ್ತಾನೆ.

ಟೊಮೆಟೊ ಸಾಸಿನಲ್ಲಿ ನನಗೇ ಆಶ್ಚರ್ಯ ಆಯಿತು. ಹೆಸರು ಮಾಡಿದ ಬಾಟಲಿಯಲ್ಲಿ ಮೊದಲ ಹೆಸರು ನೀರು, ಆಮೇಲೆ ಸಕ್ಕರೆ. ಮಾರ್ಟಿನದರಲ್ಲಿ ಟೊಮೆಟೊ ಪೇಸ್ಟ್ ಮೊದಲಿತ್ತು, 28% ಅಂತ. ಬೆಲೆಯೂ ಕಡಿಮೆ. ಮಕ್ಕಳಿಗೆ ಬಟ್ಟಲಿನಲ್ಲಿ ಹಾಕಿ ಹೇಳದೇ ಕೊಟ್ಟೆ, ಇಬ್ಬರಿಗೂ ಫರಕ್ ಗೊತ್ತಾಗಲಿಲ್ಲ. ಜಾಮಿಗೆ ಕನಿಷ್ಠ 45% ಹಣ್ಣು ಇರಬೇಕು ಅಂತ ನಿಯಮ ಇದೆ, ಸ್ಟ್ರಾಬೆರಿಯಂಥವಕ್ಕೆ ಮಾತ್ರ ಕಡಿಮೆ. ಹಾಗಾಗಿ ಅದರಲ್ಲೂ ಮಾರ್ಟಿನದು ನಡೆಯುತ್ತದೆ.

ಚಹಾ ಒಂದರಲ್ಲಿ ನಾನು ಸೋತೆ. ಮಾರ್ಟಿನ ಪುಡಿ ಕಾಲು ಕಿಲೋಗೆ ಮೂವತ್ತು ರೂಪಾಯಿ ಕಡಿಮೆ ಇತ್ತು. ಹಳೇ ಬ್ರ್ಯಾಂಡಿನ ಡಬ್ಬಿಗೇ ಸುರಿದು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಅತ್ತೆ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು. ‘ಹಾಲು ಕೆಟ್ಟದೇನು?’ ಅಂದರು. ಹಾಲು ಸರಿ ಇತ್ತು. ಮೂರನೇ ದಿನ ಯಜಮಾನರು ಮಿಲ್ಲಿನ ಹತ್ತಿರ ಚಹಾ ಕುಡಿದು ಬರಲು ಶುರು ಮಾಡಿದರು, ದಿನಕ್ಕೆ ಇಪ್ಪತ್ತು ರೂಪಾಯಿ. ಮೂವತ್ತು ಉಳಿಸಲು ಹೋಗಿ ಎಷ್ಟು ಕಳೆದೆ ಅಂತ ನೀವೇ ಲೆಕ್ಕ ಹಾಕಿ. ಆ ಪುಡಿ ಕೊನೆಗೆ ಗುಲಾಬಿ ಗಿಡಕ್ಕೆ ಹೋಯಿತು.

ಒಂದು ಸಲಕ್ಕೆ ಒಂದೇ ಸಾಮಾನು

ಎಲ್ಲವನ್ನೂ ಒಂದೇ ತಿಂಗಳು ಬದಲಾಯಿಸಬೇಡಿ. ಊಟ ಸಪ್ಪೆ ಆದರೆ ಯಾವುದರ ತಪ್ಪು ಅಂತ ಗೊತ್ತಾಗುವುದಿಲ್ಲ, ಮನೆಯವರು ಎಲ್ಲದಕ್ಕೂ ‘ಆ ಮಾರ್ಟ್ ಸಾಮಾನು’ ಅಂತಾರೆ. ತಿಂಗಳಿಗೆ ಒಂದು ಸಾಮಾನು, ಸಣ್ಣ ಪ್ಯಾಕೆಟ್, ಎರಡು ಬಟ್ಟಲು. ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ನಾನು ಕ್ಯಾಲೆಂಡರಿನ ಒಂದು ಹಾಳೆ ಅಂಟಿಸಿದ್ದೇನೆ. ಸಾಮಾನಿನ ಹೆಸರು, ತಿಂಗಳು, ಮಿಲ್ಲಿನ ಊರು, ಅತ್ತೆಯ ಮಾತು, ಇಷ್ಟು ಬರೆಯುತ್ತೇನೆ. ಹೀಗೆ ಮಾಡಿ ಈಗ ನಮ್ಮ ಒಂಬತ್ತು ಸಾವಿರದಲ್ಲಿ ತಿಂಗಳಿಗೆ ನಾಲ್ಕು ನೂರು ಚಿಲ್ಲರೆ ಉಳಿಯುತ್ತಿದೆ.

ಈ ತಿಂಗಳ ಸರದಿ ಹೆಸರುಬೇಳೆಯದು. ಮಾರ್ಟಿನದು ತೊಳೆದಾಗ ಮೊದಲ ನೀರು ಸ್ವಲ್ಪ ಜಾಸ್ತಿ ಹಳದಿ ಬಂದಿದೆ, ಹಾಳೆಯಲ್ಲಿ ಅಷ್ಟು ಬರೆದಿದ್ದೇನೆ. ಕುಕ್ಕರ್ ಇನ್ನೂ ಇಳಿದಿಲ್ಲ. ಅತ್ತೆ ಆಗಲೇ ಚಮಚ ಹಿಡಿದು ಕೂತಿದ್ದಾರೆ.